ನೆಲ ನಡುಗಿದರೆ ಓಡಬೇಕೋ, ಒಳಗೇ ಇರಬೇಕೋ?

1993ರ ಸೆಪ್ಟೆಂಬರ್ 30. ಹಿಂದಿನ ದಿನವಷ್ಟೇ ಅನಂತ ಚತುರ್ದಶಿ. ಗಣಪತಿಯನ್ನು ನೀರಿಗೆ ಬಿಟ್ಟು, ಕುಣಿದು ದಣಿದು ಊರಿಗೆ ಊರೇ ಮಲಗಿತ್ತು. ಬೆಳಗಿನ ಜಾವ ನಾಲ್ಕಕ್ಕೆ ಇನ್ನೂ ನಾಲ್ಕು ನಿಮಿಷವಿತ್ತು. ಆಳಂದ ತಾಲ್ಲೂಕಿನ ನಮ್ಮ ಮನೆಯಲ್ಲಿ ಮೊದಲು ಎದ್ದು ಕೂತವರು ನಮ್ಮ ಆಯಿ, ಅಂದರೆ ಅಜ್ಜಿ. ಮಾಳಿಗೆಯ (ಮಣ್ಣಿನ ಚಾವಣಿಯ) ಮೇಲೆ ಯಾರೋ ಎತ್ತುಗಳನ್ನು ಓಡಿಸುತ್ತಿದ್ದಾರೆ ಎಂದು ಅವರು ಕೂಗಿದರು. ನನಗೆ ನೆನಪಿರುವುದು ಗೂಡಿನಲ್ಲಿದ್ದ ತಾಮ್ರದ ತಂಬಿಗೆಗಳು ಒಂದಕ್ಕೊಂದು ತಾಕಿದ ಸದ್ದು, ಜಂತಿಯ ಸಂದಿಯಿಂದ ಮುಖದ ಮೇಲೆ ಉದುರಿದ ಮಣ್ಣು. ಅಪ್ಪ ನಮ್ಮನ್ನೆಲ್ಲ ರಟ್ಟೆ ಹಿಡಿದು ಅಂಗಳಕ್ಕೆ ಎಳೆದುಕೊಂಡು ಬಂದರು. ಮನೆ ಬೀಳಲಿಲ್ಲ, ಮೂಲೆಯಲ್ಲಿ ಗೋಡೆ ಬಾಯಿ ಬಿಟ್ಟಿತು, ಅಷ್ಟೆ. ಗಡಿಯಾಚೆ, ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಮತ್ತು ಅದರ ಸುತ್ತಲಿನ ಊರುಗಳಲ್ಲಿ ಅದೇ ಹೊತ್ತಿಗೆ ಹತ್ತಿರ ಹತ್ತಿರ ಹತ್ತು ಸಾವಿರ ಜನ ತಮ್ಮ ತಮ್ಮ ಮಾಳಿಗೆಗಳಡಿ ಹೂತುಹೋಗಿದ್ದರು.

2012ರ ಏಪ್ರಿಲ್ 11ರ ಮಧ್ಯಾಹ್ನ ನನ್ನ ಚಿಕ್ಕಪ್ಪನ ಮಗ ಬೆಂಗಳೂರಿನಲ್ಲಿ ಎಂಟನೆಯ ಮಹಡಿಯ ಕಚೇರಿಯಲ್ಲಿದ್ದ. ಸುಮಾರು 2,000 ಕಿಲೋಮೀಟರ್ ಆಚೆ, ಸುಮಾತ್ರಾದ ಪಶ್ಚಿಮದ ಕಡಲಿನಡಿ 8.6 ತೀವ್ರತೆಯ ಭೂಕಂಪವಾಗಿತ್ತು. ಅವನಿಗೆ ಅನಿಸಿದ್ದು ತಲೆ ಸುತ್ತು. ರಕ್ತದೊತ್ತಡವಿರಬೇಕು ಎಂದುಕೊಂಡು ನೀರು ಕುಡಿಯಲು ಲೋಟ ಎತ್ತಿದರೆ ನೀರೂ ತೂಗುತ್ತಿತ್ತು. ಎಲ್ಲರೂ ಮೆಟ್ಟಿಲಿನತ್ತ ನುಗ್ಗಿದರು. ಕಟ್ಟಡಕ್ಕೆ ಒಂದು ಗೀರೂ ಬೀಳಲಿಲ್ಲ, ಅವನ ಕಾಲಿನ ಕೀಲು ಮಾತ್ರ ಉಳುಕಿತು.

ಒಂದು ಮನೆಯಲ್ಲಿ ಓಡಿದ್ದು ಸರಿ, ಇನ್ನೊಂದರಲ್ಲಿ ಓಡಿದ್ದೇ ಪೆಟ್ಟಿಗೆ ಕಾರಣ. ಓಡಬೇಕೋ, ಒಳಗೇ ಇರಬೇಕೋ? ಭೂಕಂಪದ ಬಗ್ಗೆ ಜನ ನನ್ನನ್ನು ಕೇಳುವ ಮೊದಲ ಪ್ರಶ್ನೆ ಇದೇ ಆಗಿರುತ್ತದೆ. ಉತ್ತರ ನಿಮ್ಮ ತಲೆಯ ಮೇಲಿನ ಸೂರು ಎಂಥದ್ದು ಎಂಬುದರಲ್ಲಿದೆ. ನಡುಗುವಾಗ ಅದನ್ನು ಯೋಚಿಸಲು ಸಮಯ ಸಿಗುವುದಿಲ್ಲ. ಇವತ್ತು ಸಂಜೆ, ಬೆಳಕಿರುವಾಗಲೇ ತೀರ್ಮಾನ ಮಾಡಿಕೊಳ್ಳಬೇಕು.

ಬಂದದ್ದು ಭೂಕಂಪವೇ ಎಂದು ತಿಳಿಯುವುದು ಹೇಗೆ

ನೆಲದೊಳಗೆ ಬಂಡೆ ಸೀಳಿದಾಗ ಎರಡು ಬಗೆಯ ಅಲೆಗಳು ಒಟ್ಟಿಗೆ ಹೊರಡುತ್ತವೆ. ಮೊದಲನೆಯದು ಚುರುಕು, ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ಓಡುತ್ತದೆ. ಅದು ಕೆಳಗಿನಿಂದ ಗುದ್ದಿದಂತೆ ಬರುತ್ತದೆ: ಒಂದು ಧಡ್ ಎಂಬ ಸದ್ದು, ಕಿಟಕಿಯ ಗಾಜು ಗಲಗಲ, ನಾಯಿ ಬೊಗಳು. ಅದರ ಹಿಂದೆ ಸೆಕೆಂಡಿಗೆ ಸುಮಾರು 3.5 ಕಿಲೋಮೀಟರ್ ವೇಗದಲ್ಲಿ ಬರುವ ಎರಡನೆಯದು ನೆಲವನ್ನು ಅಡ್ಡಡ್ಡ ಎಳೆದಾಡುತ್ತದೆ. ಗೋಡೆ ಕೆಡವುವುದು ಮುಖ್ಯವಾಗಿ ಇದು. ಮಿಂಚು ಕಂಡ ಮೇಲೆ ಗುಡುಗಿಗೆ ಎಣಿಸುತ್ತೇವಲ್ಲ, ಇಲ್ಲಿಯೂ ಹಾಗೆಯೇ ಎಣಿಸಬಹುದು. ಮೊದಲ ಗುದ್ದಿಗೂ ಅಡ್ಡ ತೂಗಾಟಕ್ಕೂ ನಡುವೆ ಎಷ್ಟು ಸೆಕೆಂಡೋ ಅದನ್ನು ಎಂಟರಿಂದ ಗುಣಿಸಿದರೆ ಭೂಕಂಪ ಸುಮಾರು ಎಷ್ಟು ಕಿಲೋಮೀಟರ್ ದೂರದಲ್ಲಾಯಿತು ಎಂದು ತಿಳಿಯುತ್ತದೆ. ಐದು ಸೆಕೆಂಡ್ ಅಂತರವಿದ್ದರೆ ನಲವತ್ತು ಕಿಲೋಮೀಟರ್. ಅಂತರವೇ ಇಲ್ಲದೆ ಎರಡೂ ಒಟ್ಟಿಗೆ ಬಂದರೆ ಅದು ನಿಮ್ಮ ಕಾಲಡಿಯಲ್ಲೇ ಆಗಿದೆ.

ಕಾಲಡಿಯಲ್ಲಾದ ಸಣ್ಣ ಭೂಕಂಪಕ್ಕೆ ನಡುಕಕ್ಕಿಂತ ಸದ್ದೇ ಹೆಚ್ಚು. ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದವರನ್ನು, ವಿಜಯಪುರ ಜಿಲ್ಲೆಯವರನ್ನು, 2022ರ ಜೂನ್ ಕೊನೆಯಲ್ಲಿ ನಡುಕ ಕಂಡ ಕೊಡಗಿನ ಚೆಂಬು ಮತ್ತು ಸುಳ್ಯದ ಕಡೆಯವರನ್ನು ಕೇಳಿ ನೋಡಿ. ಕಲ್ಲು ಕ್ವಾರಿಯಲ್ಲಿ ಸಿಡಿಮದ್ದು ಹೊಡೆದಂತೆ, ಗೋಡೆಗೆ ಲಾರಿ ಗುದ್ದಿದಂತೆ ಎಂದೇ ಹೇಳುತ್ತಾರೆ. ಎರಡು ಮೂರು ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ದೂರದ ದೊಡ್ಡ ಭೂಕಂಪ ಇದಕ್ಕೆ ತದ್ವಿರುದ್ಧ. ಸದ್ದಿಲ್ಲ, ಗುದ್ದಿಲ್ಲ; ಫ್ಯಾನು ತೂಗುತ್ತದೆ, ಹೊಟ್ಟೆ ತೊಳಸುತ್ತದೆ, ಮೇಲಿನ ಮಹಡಿಯವರಿಗೆ ಗೊತ್ತಾಗುತ್ತದೆ, ಕೆಳಗೆ ಟೀ ಅಂಗಡಿಯಲ್ಲಿ ನಿಂತವರಿಗೆ ಗೊತ್ತೇ ಆಗುವುದಿಲ್ಲ. ಬಹುದೂರ ಸಾಗಿ ಬಂದ ಅಲೆಗಳು ನಿಧಾನವಾಗಿ ತೂಗುವಂಥವು. ಎತ್ತರದ ಕಟ್ಟಡವೂ ನಿಧಾನವಾಗಿಯೇ ತೂಗುವಂಥದ್ದು. ಹತ್ತು ಮಹಡಿಯ ಕಟ್ಟಡ ಒಮ್ಮೆ ಅತ್ತಿತ್ತ ಓಲಾಡಲು ಸುಮಾರು ಒಂದು ಸೆಕೆಂಡ್ ತೆಗೆದುಕೊಳ್ಳುತ್ತದೆ. ಇವೆರಡರ ತಾಳ ಕೂಡಿದಾಗ ಬೆಂಗಳೂರಿನ ಎಂಟನೆಯ ಮಹಡಿಯಲ್ಲಿ ಲೋಟದ ನೀರು ತೂಗುತ್ತದೆ.

ಅಂಕಿಯ ವಿಷಯದಲ್ಲಿ ಒಂದು ಮಾತು. ತೀವ್ರತೆಯಲ್ಲಿ ಒಂದು ಅಂಕಿ ಹೆಚ್ಚಾದರೆ ಹೊರಬೀಳುವ ಶಕ್ತಿ ಸುಮಾರು 32 ಪಟ್ಟು ಹೆಚ್ಚುತ್ತದೆ. ಕೊಡಗಿನ ಕಡೆ 2022ರಲ್ಲಿ ದಾಖಲಾದ ನಡುಕಗಳಲ್ಲಿ ದೊಡ್ಡದು 3ರ ಆಸುಪಾಸಿನದು, ಕಿಲ್ಲಾರಿಯದು 6.2. ‘ಇಮ್ಮಡಿ’ ಎಂದು ಓದಬೇಡಿ. ಶಕ್ತಿಯ ಲೆಕ್ಕದಲ್ಲಿ ಅದು ಅರವತ್ತು ಸಾವಿರ ಪಟ್ಟು.

ಹಾಗೆಂದು ನಮ್ಮ ನೆಲ ಗಟ್ಟಿ ಎಂದು ಮೈಮರೆಯುವಂತಿಲ್ಲ. ಕಿಲ್ಲಾರಿ ಆಗಿನ ಭೂಕಂಪ ವಲಯದ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ 1ನೆಯ ವಲಯದಲ್ಲಿತ್ತು. 2002ರಲ್ಲಿ ನಕ್ಷೆ ಬದಲಾದಾಗ ಆ ವಲಯವನ್ನೇ ತೆಗೆದುಹಾಕಲಾಯಿತು.

ಮೊದಲ ಹೆಜ್ಜೆ: ಸೂರು ನೋಡಿ

ಹೊರಗೆ ನಿಂತು ನಿಮ್ಮ ಮನೆಯನ್ನು ಹೊಸಬರಂತೆ ನೋಡಿ. ಗೋಡೆ ಯಾವುದರದು, ಮೇಲಿನ ಭಾರ ಎಷ್ಟು, ಆ ಭಾರವನ್ನು ಹೊತ್ತಿರುವುದು ಏನು?

ಕಲಬುರಗಿ, ಬೀದರ್, ವಿಜಯಪುರದ ಕಡೆ ಇಂದಿಗೂ ಸಾಕಷ್ಟಿರುವ ಹಳೆಯ ಅಂಕಣದ ಮನೆಗಳನ್ನು ತೆಗೆದುಕೊಳ್ಳಿ. ಎರಡಡಿ ದಪ್ಪದ ಕಲ್ಲಿನ ಗೋಡೆ, ನೋಡಿದರೆ ಕೋಟೆ. ಆದರೆ ಆ ಗೋಡೆ ಒಂದಲ್ಲ, ಎರಡು. ಒಳಮೈಗೊಂದು ಸಾಲು, ಹೊರಮೈಗೊಂದು ಸಾಲು ಕಲ್ಲು, ನಡುವೆ ಮಣ್ಣು ಮತ್ತು ಚೂರುಗಲ್ಲು. ಎರಡನ್ನೂ ಹಿಡಿದು ನಿಲ್ಲಿಸುವ ಉದ್ದನೆಯ ಅಡ್ಡಗಲ್ಲುಗಳನ್ನು ಇಟ್ಟಿರದಿದ್ದರೆ, ಅಡ್ಡಕ್ಕೆ ತೂಗಿದಾಗ ಈ ಎರಡು ಸಾಲುಗಳು ಬೇರೆಬೇರೆಯಾಗಿ ಹೊಟ್ಟೆ ಬಿಟ್ಟು ಕುಸಿಯುತ್ತವೆ. ಮೇಲೆ ಮಣ್ಣಿನ ಮಾಳಿಗೆ. ಪ್ರತಿ ಮಳೆಗಾಲಕ್ಕೂ ಸೋರಬಾರದೆಂದು ಒಂದು ಪದರ ಮಣ್ಣು ಹಾಕುತ್ತ ಬಂದಿರುತ್ತೇವೆ, ಹಳೆಯದನ್ನು ತೆಗೆಯುವುದಿಲ್ಲ. ಹತ್ತಡಿಗೆ ಹತ್ತಡಿ ಕೋಣೆಯ ಮೇಲೆ ಒಂದೇ ಅಡಿ ಮಣ್ಣಿದ್ದರೂ ಅದರ ತೂಕ ನಾಲ್ಕು ಟನ್ನಿಗಿಂತ ಹೆಚ್ಚು. ತುಂಬಿದ ಒಂದು ಸಣ್ಣ ಲಾರಿಯನ್ನು ತಲೆಯ ಮೇಲೆ ನಿಲ್ಲಿಸಿಕೊಂಡು ಮಲಗಿದ ಹಾಗೆ. ಕಿಲ್ಲಾರಿಯಲ್ಲಿ ಕೊಂದದ್ದು ಈ ಗೋಡೆ ಮತ್ತು ಈ ಮಣ್ಣು.

ಇಂಥ ಮನೆ ನಿಮ್ಮದಾಗಿದ್ದರೆ, ಅದನ್ನು ಕೆಡವಿ ಕಟ್ಟಿ ಎಂದು ನಾನು ಹೇಳುವುದಿಲ್ಲ. ಹಣವಿದ್ದವರು ಆಗಲೇ ಕಟ್ಟಿಕೊಂಡಿದ್ದಾರೆ. ಬೇಸಿಗೆಯಲ್ಲಿ ಮಾಳಿಗೆಯ ಹಳೆಯ ಮಣ್ಣನ್ನು ಕೆರೆಸಿ ತೆಗೆಸಿ, ತಳದ ಪದರವನ್ನಷ್ಟೇ ಉಳಿಸಿಕೊಳ್ಳಿ. ಸೋರದಂತೆ ಮೇಲೊಂದು ಪ್ಲಾಸ್ಟಿಕ್ ಹಾಳೆ ಹಾಸಿ ತೆಳ್ಳಗೆ ಮಣ್ಣು ಹರಡಿದರೆ ಸಾಕು. ಗೋಡೆಯಲ್ಲಿ ಅಲ್ಲಲ್ಲಿ ತೂತು ಮಾಡಿ, ಒಳಮೈಯಿಂದ ಹೊರಮೈವರೆಗೆ ಕಬ್ಬಿಣದ ಸರಳು ಇಟ್ಟು ಕಾಂಕ್ರೀಟ್ ತುಂಬಿಸಿದರೆ ಎರಡು ಸಾಲುಗಳು ಒಂದಾಗುತ್ತವೆ. ಇದನ್ನು ಬಲ್ಲ ಎಂಜಿನಿಯರ್ ಒಬ್ಬರನ್ನು ನಿಲ್ಲಿಸಿಕೊಂಡೇ ಮಾಡಿಸಿ. ಗೌಂಡಿ ಒಬ್ಬನೇ ತೂತು ಕೊರೆಯಲು ಹೊರಟರೆ ಭೂಕಂಪಕ್ಕೆ ಮೊದಲೇ ಗೋಡೆ ಬಿದ್ದೀತು.

ತಗಡಿನ ಮನೆಯವರು ‘ನಮಗೇನು, ತಗಡು ಹಗುರ’ ಎನ್ನುತ್ತಾರೆ. ತಗಡು ಹಗುರ ನಿಜ. ಗಾಳಿಗೆ ಹಾರಬಾರದೆಂದು ಅದರ ಮೇಲೆ ಸಾಲಾಗಿ ಇಟ್ಟಿರುವ ಕಲ್ಲುಗಳು? ಅವನ್ನು ಇಳಿಸಿ, ಜೆ ಆಕಾರದ ಹುಕ್ಕು ಹಾಕಿ ತಗಡನ್ನು ಬಿಗಿಯಿರಿ. ಹೆಂಚಿನ ಮನೆಯಲ್ಲಿ ಗೋಡೆಗಿಂತ ಮೊದಲು ಜಾರುವುದು ಹೆಂಚುಗಳು. ಸೂರಂಚಿನಡಿ ನಿಲ್ಲುವ ಅಭ್ಯಾಸ ಬಿಡಿ.

ಕಂಬ ತೊಲೆಗಳಿರುವ ಕಾಂಕ್ರೀಟ್ ಕಟ್ಟಡ ಸರಿಯಾಗಿ ಕಟ್ಟಿದ್ದರೆ ಇವೆಲ್ಲಕ್ಕಿಂತ ಮೇಲು. ನೆಲಮಟ್ಟದಲ್ಲಿ ಗೋಡೆಗಳಿಲ್ಲದೆ ಬರೀ ಕಂಬಗಳ ಮೇಲೆ ನಿಲ್ಲಿಸಿ ವಾಹನ ನಿಲುಗಡೆಗೆ ಬಿಟ್ಟ ಅಪಾರ್ಟ್‌ಮೆಂಟ್‌ಗಳ ಬಗ್ಗೆ ಮಾತ್ರ ನನಗೆ ಅನುಮಾನ ಹೋಗಿಲ್ಲ. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ, ಕೇಂದ್ರದಿಂದ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರದ ಅಹಮದಾಬಾದಿನಲ್ಲಿ ಕುಸಿದ ಬಹುಮಹಡಿ ಕಟ್ಟಡಗಳಲ್ಲಿ ಇಂಥವು ಹಲವು. ಮೇಲಿನ ಮಹಡಿಗಳು ಪೆಟ್ಟಿಗೆಯಂತೆ ಗಟ್ಟಿಯಾಗಿ ಉಳಿದು, ಕೆಳಗಿನ ಕಂಬಗಳು ಮುರಿದವು. ಬೆಂಗಳೂರಿನಲ್ಲಿ ಆ ಕಂಬಗಳ ನಡುವೆಯೇ ಒಂದು ಕೋಣೆ ಮಾಡಿ ವಾಚ್‌ಮನ್ ಕುಟುಂಬವನ್ನು ಇರಿಸಿರುತ್ತಾರೆ. ನಿವಾಸಿಗಳ ಸಂಘದ ಮುಂದಿನ ಸಭೆಯಲ್ಲಿ ಬಣ್ಣದ ಖರ್ಚಿಗಿಂತ ಮೊದಲು ಆ ಕಂಬಗಳ ಮಾತು ಎತ್ತಿ.

ಎರಡನೆಯ ಹೆಜ್ಜೆ: ಹೊರಗೆ ಹೋಗಲು ಎಷ್ಟು ಹೊತ್ತು ಬೇಕು, ಅಳೆಯಿರಿ

ಇದನ್ನು ಯಾರೂ ಮಾಡುವುದಿಲ್ಲ, ಇದೇ ಎಲ್ಲಕ್ಕಿಂತ ಮುಖ್ಯ. ರಾತ್ರಿ ಊಟವಾದ ಮೇಲೆ ದೀಪ ಆರಿಸಿ ಎಲ್ಲರೂ ಮಲಗಿ. ಒಬ್ಬರು ‘ನಡುಗಿತು’ ಎನ್ನಲಿ. ಹಾಸಿಗೆಯಿಂದ ಎದ್ದು, ಬಾಗಿಲ ಚಿಲಕ ತೆಗೆದು, ಬಯಲಿಗೆ ಮುಟ್ಟಲು ಎಷ್ಟು ಸೆಕೆಂಡ್ ಆಯಿತು ಎಂದು ಮೊಬೈಲಿನಲ್ಲಿ ನೋಡಿ. ಬಾಗಿಲಿಗೆ ಒಳಗಿನಿಂದ ಬೀಗ ಹಾಕಿ ಕೀಲಿಯನ್ನು ದಿಂಬಿನಡಿ ಇಡುವ ಮನೆಗಳಲ್ಲಿ ಈ ಲೆಕ್ಕ ನಗು ಬರಿಸುತ್ತದೆ.

ನಮ್ಮ ಭಾಗದಲ್ಲಿ ಆಗಬಹುದಾದ ಭೂಕಂಪದ ಜೋರು ನಡುಕ ಹತ್ತಿಪ್ಪತ್ತು ಸೆಕೆಂಡಿನದು. ಮಣ್ಣು ಕಲ್ಲಿನ ಮನೆಯ ನೆಲಮಟ್ಟದಲ್ಲಿದ್ದೀರಿ, ಐದಾರು ಹೆಜ್ಜೆಗೆ ಬಾಗಿಲಿದೆ, ಆಚೆ ಬಯಲಿದೆ ಎಂದಾದರೆ ಮೊದಲ ಗುದ್ದಿಗೇ ಎದ್ದು ಓಡಿ. ಅಂಥ ಮನೆಯಲ್ಲಿ ಮೇಜಿನಡಿ ಕೂತು ಪ್ರಯೋಜನವಿಲ್ಲ. ನಾಲ್ಕು ಟನ್ ಹೊರುವ ಮೇಜು ಯಾರ ಮನೆಯಲ್ಲಿಯೂ ಇಲ್ಲ.

ಬಯಲು ಎಂದರೆ ಬಯಲೇ ಆಗಬೇಕು. ಆರಡಿ ಅಗಲದ ಓಣಿ, ಎರಡೂ ಬದಿಗೆ ಹನ್ನೆರಡಡಿ ಕಲ್ಲಿನ ಗೋಡೆ ಇದ್ದರೆ ನೀವು ಒಂದು ಗೋಡೆಯಡಿಯಿಂದ ಎರಡು ಗೋಡೆಯಡಿಗೆ ಓಡಿದಂತಾಯಿತು. ಮುಂಬಾಗಿಲಿಗಿಂತ ಹಿತ್ತಲ ಬಾಗಿಲು ಮೇಲಾಗಬಹುದು, ಅದನ್ನೂ ಅಳೆದು ನೋಡಿ. ಯಾವ ದಾರಿಯೂ ಇಲ್ಲವೆಂದಾದರೆ ಗಟ್ಟಿಯಾದ ಕಬ್ಬಿಣದ ಮಂಚದಡಿ ನುಸುಳುವುದೇ ಉಳಿದದ್ದು. ಖಾತ್ರಿ ಇಲ್ಲ, ಆದರೂ ಬರಿದೇ ಮಲಗಿರುವುದಕ್ಕಿಂತ ವಾಸಿ.

ಆಯಿಗೆ ಅಂಗಳ ಮುಟ್ಟಲು ನಲವತ್ತು ಸೆಕೆಂಡ್ ಬೇಕಾದರೆ ಆಯಿಯನ್ನು ಓಡಿಸುವ ಯೋಜನೆ ಹಾಕಬೇಡಿ, ಆಯಿಯ ಮಂಚವನ್ನು ಸರಿಸಿ. ಒಳಕೋಣೆಯಿಂದ ಪಡಸಾಲೆಗೆ, ಬಾಗಿಲ ಬಳಿಗೆ. ಮಕ್ಕಳನ್ನು ಯಾರು ಎತ್ತಿಕೊಳ್ಳಬೇಕು ಎಂಬುದೂ ಈಗಲೇ ನಿಶ್ಚಯವಾಗಲಿ. ಇಲ್ಲವಾದರೆ ಇಬ್ಬರೂ ಒಂದೇ ಮಗುವಿಗೆ ಓಡುತ್ತಾರೆ.

ಮಂಚದ ಮೇಲ್ಗಡೆ ಅಟ್ಟವಿದೆಯೇ? ಅಟ್ಟದ ಮೇಲೆ ಹಿತ್ತಾಳೆಯ ಹಂಡೆ, ಮದುವೆಯಲ್ಲಿ ಬಂದ ದೊಡ್ಡ ಪಾತ್ರೆಗಳಿವೆಯೇ? ಇಳಿಸಿ. ದೇವರ ಪಟಗಳಿಗೆ ಗಟ್ಟಿ ಮೊಳೆ, ಕಬ್ಬಿಣದ ಕಪಾಟಿನ ತಲೆಗೆ ಗೋಡೆಯ ಜೊತೆ ಎರಡು ಕೊಂಡಿ. ಹಾಸಿಗೆಯ ಪಕ್ಕ ಬ್ಯಾಟರಿ ಮತ್ತು ಚಪ್ಪಲಿ ಇರಲಿ. ಒಡೆದ ಗಾಜಿನ ಮೇಲೆ ಬರಿಗಾಲಲ್ಲಿ ಓಡಿ ಗಾಯ ಮಾಡಿಕೊಳ್ಳುವವರು ಕಡಿಮೆಯಿಲ್ಲ. ಆಂಡ್ರಾಯ್ಡ್ ಫೋನ್ ಇದ್ದವರು ಸೆಟ್ಟಿಂಗ್‌ನಲ್ಲಿ ಸುರಕ್ಷತೆಯ ಭಾಗಕ್ಕೆ ಹೋಗಿ ಭೂಕಂಪ ಎಚ್ಚರಿಕೆಯನ್ನು ಚಾಲೂ ಮಾಡಿ. 2023ರಿಂದ ಭಾರತದಲ್ಲಿಯೂ ಆ ಸೌಲಭ್ಯವಿದೆ. ಭೂಕಂಪ ದೂರದ್ದಾದರೆ ಕೆಲವು ಸೆಕೆಂಡ್ ಮೊದಲು ಕೂಗಬಹುದು. ಹತ್ತಿರದ್ದಾದರೆ ಅದಕ್ಕೂ ನಿಮಗೂ ಒಟ್ಟಿಗೇ ಗೊತ್ತಾಗುತ್ತದೆ.

ಮೂರನೆಯ ಹೆಜ್ಜೆ: ನಡುಗುವಾಗ

ಕಾಂಕ್ರೀಟ್ ಕಟ್ಟಡದಲ್ಲಿದ್ದರೆ ಓಡಬೇಡಿ. ಮಂಡಿಯೂರಿ ಬಗ್ಗಿ, ಮೇಜಿನಡಿ ಸೇರಿ, ಅದರ ಕಾಲನ್ನು ಬಿಗಿಯಾಗಿ ಹಿಡಿಯಿರಿ. ಮೇಜು ಸರಿದರೆ ನೀವೂ ಅದರ ಜೊತೆ ಸರಿಯಿರಿ. ಮೇಜಿಲ್ಲವೇ, ಕಿಟಕಿಯಿಂದ ದೂರ ಒಳಗೋಡೆಯ ಬುಡದಲ್ಲಿ ಕೂತು ಎರಡೂ ಕೈಗಳಿಂದ ಕತ್ತು ಮತ್ತು ತಲೆ ಮುಚ್ಚಿಕೊಳ್ಳಿ. ಮಲಗಿದ್ದರೆ ಮಲಗಿಯೇ ಇರಿ, ಬೋರಲಾಗಿ, ತಲೆಯ ಮೇಲೆ ದಿಂಬು. ಕಟ್ಟಡದ ಬಾಗಿಲಾಚೆಯ ಮೊದಲ ಹತ್ತಡಿ ಜಾಗವೇ ಅತಿ ಕೆಟ್ಟದ್ದು. ಸಜ್ಜದ ಮೇಲಿನ ಹೂಕುಂಡ, ಎಸಿ ಯಂತ್ರ, ಕುಂಬಿಯ ಇಟ್ಟಿಗೆ, ಗಾಜು ಎಲ್ಲವೂ ಬೀಳುವುದು ಅಲ್ಲಿಗೇ. ನೆಲಮಟ್ಟದ ಕಂಬಗಳ ನಡುವೆ ವಾಸಿಸುವವರು ಮಾತ್ರ, ಬಯಲು ಹತ್ತಿರವಿದ್ದರೆ, ತಡಮಾಡದೆ ಹೊರಬೀಳಬೇಕು.

ಬಾಗಿಲ ಚೌಕಟ್ಟಿನಡಿ ನಿಂತರೆ ಸುರಕ್ಷಿತ ಎಂಬುದು ಹಳೆಯ ನಂಬಿಕೆ. ಈಗಿನ ಚೌಕಟ್ಟಿಗೆ ಗೋಡೆಗಿಂತ ಹೆಚ್ಚಿನ ಬಲವೇನಿಲ್ಲ, ಜೊತೆಗೆ ಬಾಗಿಲ ರೆಕ್ಕೆ ಬಡಿದು ಬೆರಳು ಜಜ್ಜುತ್ತದೆ.

ಅಡುಗೆ ಮನೆಯಲ್ಲಿದ್ದರೆ, ಕೈಗೆ ಎಟುಕಿದರೆ ಮಾತ್ರ ಒಲೆ ಆರಿಸಿ, ಕುದಿಯುವ ಎಣ್ಣೆಯಿಂದ ದೂರ ಸರಿಯಿರಿ. ಲಿಫ್ಟಿನಲ್ಲಿದ್ದರೆ ಎಲ್ಲ ಮಹಡಿಗಳ ಗುಂಡಿ ಒತ್ತಿ, ಮೊದಲು ನಿಂತಲ್ಲಿ ಇಳಿಯಿರಿ. ಬೈಕು, ಕಾರು ಓಡಿಸುತ್ತಿದ್ದರೆ ಟೈರು ಪಂಕ್ಚರ್ ಆದಂತೆ ಅನಿಸುತ್ತದೆ. ಸೇತುವೆ, ಕರೆಂಟು ಕಂಬ, ಮರ ಇಲ್ಲದ ಕಡೆ ಬದಿಗೆ ನಿಲ್ಲಿಸಿ. ಗಾಲಿಕುರ್ಚಿಯಲ್ಲಿದ್ದವರು ಬ್ರೇಕ್ ಹಾಕಿ, ಮುಂದಕ್ಕೆ ಬಾಗಿ ತಲೆ ಮುಚ್ಚಿಕೊಳ್ಳಬೇಕು. ಕೊಡಗಿನಂಥ ಇಳಿಜಾರಿನಲ್ಲಿ ನೆಲ ನಡುಗಿದ ಮೇಲೆ ಗುಡ್ಡದ ಕಡೆ ಒಂದು ಕಣ್ಣಿರಲಿ, ಮಳೆಗಾಲವಾದರೆ ಎರಡೂ ಕಣ್ಣಿರಲಿ: ನೆನೆದ ಮಣ್ಣು ಜಾರಲು ಸಣ್ಣ ನೆಪ ಸಾಕು.

ಟೋಕಿಯೊ, ಕ್ಯಾಲಿಫೋರ್ನಿಯಾಗಳಲ್ಲಿ ನೆಲೆಸಿದ ನಮ್ಮವರು ಊರಿನ ಅಭ್ಯಾಸದಂತೆ ಹೊರಗೋಡುವುದನ್ನು ಕೇಳಿದ್ದೇನೆ. ಅಲ್ಲಿನ ಮನೆಗಳನ್ನು ತೂಗಾಡಿಯೂ ನಿಲ್ಲುವಂತೆ ಕಟ್ಟಿರುತ್ತಾರೆ. ಅಲ್ಲಿ ಮೇಜಿನಡಿಯೇ ಸರಿ.

ನಾಲ್ಕನೆಯ ಹೆಜ್ಜೆ: ನಿಂತ ಮೇಲೆ

ಚಪ್ಪಲಿ ಮೆಟ್ಟಿಕೊಂಡು, ಮೆಟ್ಟಿಲಿನಲ್ಲಿ ನಿಧಾನವಾಗಿ ಇಳಿದು ಹೊರಗೆ ಬನ್ನಿ. ಬರುವಾಗ ಸಿಲಿಂಡರಿನ ರೆಗ್ಯುಲೇಟರ್ ಮುಚ್ಚಿ. ಗ್ಯಾಸಿನ ವಾಸನೆ ಇದ್ದರೆ ಯಾವ ಸ್ವಿಚ್ಚನ್ನೂ ಹಾಕಬೇಡಿ, ಆರಿಸಲೂ ಬೇಡಿ. ಕಿಟಕಿ ಬಾಗಿಲು ತೆರೆದು ಹೊರನಡೆಯಿರಿ. ಯಾರಿಗಾದರೂ ಪೆಟ್ಟಾಗಿದ್ದರೆ 108ಕ್ಕೆ ಅಥವಾ 112ಕ್ಕೆ ಕರೆ ಮಾಡಿ. ‘ನಾವು ಕ್ಷೇಮ’ ಎಂದು ಹೇಳಲು ಮಾತ್ರ ಕರೆ ಬೇಡ, ಒಂದು ಸಂದೇಶ ಸಾಕು. ಎಲ್ಲರೂ ಒಮ್ಮೆಗೇ ಕರೆ ಮಾಡಿದರೆ ಗಾಯಗೊಂಡವರ ಕರೆಗೆ ಜಾಗವಿರುವುದಿಲ್ಲ. ಬಂಗಾರಕ್ಕೆ, ಪಡಿತರ ಚೀಟಿಗೆ ಒಳಗೆ ಹೋಗಬೇಡಿ. ದೊಡ್ಡ ನಡುಕದ ಹಿಂದೆ ಮರಿ ನಡುಕಗಳು ಬಂದೇ ಬರುತ್ತವೆ, ಸಡಿಲಗೊಂಡ ಗೋಡೆಯನ್ನು ಕೆಡವಲು ಅವು ಸಾಕು.

ಅವಶೇಷದಡಿ ಸಿಕ್ಕಿಕೊಂಡವರು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಕೈಗೆ ಸಿಕ್ಕ ಕಲ್ಲಿನಿಂದ ಪೈಪಿಗೋ ಗೋಡೆಗೋ ಮೂರು ಮೂರು ಸಲ ಬಡಿಯಬೇಕು. ಕೂಗಿದರೆ ಧೂಳು ಒಳಗೆ ಹೋಗುತ್ತದೆ, ಶಕ್ತಿ ಹೊರಗೆ ಹೋಗುತ್ತದೆ. ಹತ್ತಿರ ಯಾರದ್ದಾದರೂ ದನಿ ಕೇಳಿದಾಗ ಮಾತ್ರ ಕೂಗಿ.

ಬೆಳಕಾದ ಮೇಲೆ ಬಿರುಕುಗಳನ್ನು ನೋಡಿ. ಗಿಲಾಯಿಯಲ್ಲಿ (ಗೋಡೆಯ ಪ್ಲಾಸ್ಟರಿನಲ್ಲಿ) ಕೂದಲೆಳೆಯಂಥ ಗೀರು ಬಿದ್ದಿದ್ದರೆ ಚಿಂತೆಯಿಲ್ಲ. ಕಿಟಕಿಯ ಮೂಲೆಯಿಂದ ಓರೆಯಾಗಿ ಓಡಿದ, ನಾಣ್ಯ ತೂರುವಷ್ಟು ಅಗಲದ ಬಿರುಕು, ಎರಡು ಗೋಡೆ ಕೂಡುವ ಮೂಲೆ ಬಿಟ್ಟುಕೊಂಡದ್ದು, ಹೊಟ್ಟೆ ಬಿಟ್ಟ ಕಲ್ಲಿನ ಗೋಡೆ, ಕಂಬ ತೊಲೆ ಸೇರುವಲ್ಲಿ ಕಾಂಕ್ರೀಟ್ ಉದುರಿ ಕಂಡ ಸರಳು: ಇವುಗಳಲ್ಲಿ ಒಂದಿದ್ದರೂ ಎಂಜಿನಿಯರ್ ನೋಡುವವರೆಗೆ ಒಳಗೆ ಮಲಗಬೇಡಿ. ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿ ತಾರೀಖು ಬರೆಯಿರಿ, ಬೆಳೆಯುತ್ತಿದೆಯೋ ಇಲ್ಲವೋ ಗೊತ್ತಾಗುತ್ತದೆ.

ಇಷ್ಟರಲ್ಲಿ ವಾಟ್ಸಾಪಿನಲ್ಲಿ ‘ಇಂದು ರಾತ್ರಿ ಮೂರಕ್ಕೆ ಮತ್ತೆ ಭೂಕಂಪ’ ಎಂಬ ಸಂದೇಶ ಬಂದಿರುತ್ತದೆ. ಗಳಿಗೆ ಹೇಳಿ ಭೂಕಂಪ ತೋರಿಸುವ ವಿದ್ಯೆ ಜಗತ್ತಿನಲ್ಲಿ ಯಾರಿಗೂ ಸಿದ್ಧಿಸಿಲ್ಲ. ನಡುಕ ಎಲ್ಲಿ, ಎಷ್ಟು ತೀವ್ರತೆಯದು ಎಂಬುದಕ್ಕೆ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಅಥವಾ ರಾಷ್ಟ್ರೀಯ ಭೂಕಂಪನ ಕೇಂದ್ರದ ಪ್ರಕಟಣೆಯನ್ನೇ ನೋಡಿ.

ಸಣ್ಣ ನಡುಕಗಳು ಪದೇ ಪದೇ ಬರುವ ಊರಿನವರ ಪ್ರಶ್ನೆ ಬೇರೆ: ರಾತ್ರಿ ಎಲ್ಲಿ ಮಲಗಬೇಕು? 2021ರ ಅಕ್ಟೋಬರಿನಲ್ಲಿ 4ರ ಆಸುಪಾಸಿನ ನಡುಕ ಬಂದಾಗ ಗಡಿಕೇಶ್ವರದವರು ಮನೆಯ ಮುಂದೆ ಗುಡಿಸಲು, ತಗಡಿನ ಶೆಡ್ ಹಾಕಿಕೊಂಡು ಮಲಗಿದರು. ಅವರನ್ನು ಅಂಜುಬುರುಕರೆನ್ನಲು ನನ್ನ ನಾಲಗೆ ಏಳುವುದಿಲ್ಲ. ಇಂಥ ಸಣ್ಣ ನಡುಕಗಳು ಬಹುಪಾಲು ತಾವಾಗಿಯೇ ನಿಂತುಹೋಗುತ್ತವೆ. ಕಿಲ್ಲಾರಿಯಲ್ಲಿಯೂ 1992ರಲ್ಲಿ ನಡುಕಗಳು ಬಂದು ನಿಂತಿದ್ದವು, ಮರುವರ್ಷ ದೊಡ್ಡದು ಬಂತು. ಕಾಂಕ್ರೀಟ್ ಮನೆಯವರು ಒಳಗೆ ಮಲಗಬಹುದು. ಕಲ್ಲು ಮಣ್ಣಿನ ಮನೆಯವರು, ಅದರಲ್ಲೂ ಬಿರುಕು ಬಿಟ್ಟಿದ್ದರೆ, ಹೊರಗೆ ಮಲಗುವುದೇ ಸರಿ. ಹಾಸಿಗೆ ಗೋಡೆಯಿಂದ ಗೋಡೆಯ ಎತ್ತರದ ಒಂದೂವರೆ ಪಟ್ಟಾದರೂ ದೂರವಿರಲಿ. ಮಳೆಗಾಲದ ಕೊನೆಯಲ್ಲಿ ಹುಳ ಹುಪ್ಪಟೆ ಹೆಚ್ಚು, ನೆಲದ ಮೇಲೆ ಬೇಡ, ಮಂಚ ಹಾಕಿಕೊಳ್ಳಿ, ಸೊಳ್ಳೆ ಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿ.

1993ರ ಆ ನಡುಕದ ನಂತರ ನಾವು ಎಂಟು ರಾತ್ರಿ ಕಣದಲ್ಲಿ ಮಲಗಿದೆವು. ಒಂಬತ್ತನೆಯ ದಿನ ಆಯಿ ಯಾರ ಮಾತನ್ನೂ ಕೇಳದೆ ಮನೆಯೊಳಗೆ ಹೋದರು. ಅಪ್ಪ ಅವರ ಮಂಚವನ್ನು ಒಳಕೋಣೆಯಿಂದ ತಂದು ಪಡಸಾಲೆಯ ಬಾಗಿಲ ಪಕ್ಕ ಹಾಕಿದರು. ಆಯಿ ತೀರಿಕೊಳ್ಳುವವರೆಗೂ ಅದು ಅಲ್ಲಿಯೇ ಇತ್ತು.